ಅನುದಾನ ಮುಗಿದ ಮೇಲೆ: ಸಾಮಾಜಿಕ ಉದ್ಯಮದವರ ಪ್ರಶ್ನೆಗಳಿಗೆ ಉತ್ತರ

ಸಾಮಾಜಿಕ ಉದ್ಯಮ (ಸಮಾಜದ ಒಳಿತಿಗಾಗಿ ವ್ಯಾಪಾರ ಮಾಡುವ ಸಂಸ್ಥೆ) ನಡೆಸುವವರಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಹಣದ ಬಗ್ಗೆಯೇ. ಹೆಸರು, ಊರು ತೆಗೆದು, ಪ್ರಶ್ನೆಗಳನ್ನು ತುಸು ಚಿಕ್ಕದು ಮಾಡಿ ಕೊಟ್ಟಿದ್ದೇವೆ. ಉತ್ತರದಲ್ಲಿ ಬರುವ ಲೆಕ್ಕಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ಹಾಕಿ ಮತ್ತೊಮ್ಮೆ ಮಾಡಿ ನೋಡಿ.

ಪ್ರಶ್ನೆ: ಅಂಗವಿಕಲರಿಗೆ ಹೊಲಿಗೆ ಕಲಿಸಿ, ಅವರಿಂದಲೇ ಚೀಲ ಹೊಲಿಸಿ ಮಾರುವ ಘಟಕ ನಮ್ಮದು. ಖರ್ಚಿನಲ್ಲಿ 60 ಪಾಲು ಮಾರಾಟದಿಂದ ಬರುತ್ತದೆ, ಉಳಿದ 40 ಪಾಲು ಅನುದಾನ. ಅನುದಾನ ಇನ್ನು 18 ತಿಂಗಳಿಗೆ ಮುಗಿಯುತ್ತದೆ. ಅಷ್ಟರಲ್ಲಿ ಪೂರ್ತಿ ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದು ಆಡಳಿತ ಮಂಡಳಿ ಹಟ ಹಿಡಿದಿದೆ. ಆಗುವ ಮಾತೇ?

ಆಗುತ್ತದೋ ಇಲ್ಲವೋ ಎಂಬುದು ‘60 ಪಾಲು’ ಎಂಬ ಅಂಕಿಯಿಂದ ಗೊತ್ತಾಗುವುದಿಲ್ಲ. ಅದರೊಳಗೆ ಎರಡು ಲೆಕ್ಕ ಕಲಸಿಹೋಗಿವೆ. ಒಂದು ಚೀಲ ಮಾರುವ ವ್ಯಾಪಾರದ್ದು, ಇನ್ನೊಂದು ಕಲಿಸುವ ಕೆಲಸದ್ದು. ಮೊದಲು ಅವೆರಡನ್ನೂ ಬಿಡಿಸಿಡಿ.

ವ್ಯಾಪಾರದ ಲೆಕ್ಕ ಹೀಗೆ. ಒಂದು ಚೀಲದ ಮಾರಾಟ ಬೆಲೆ 100 ಎಂದಿಟ್ಟುಕೊಳ್ಳಿ. ಬಟ್ಟೆ, ದಾರ, ಜಿಪ್ಪಿಗೆ 38. ನುರಿತವರು ಹೊಲಿದರೆ ಬೀಳುವ ಕೂಲಿ 27. ಪ್ಯಾಕಿಂಗ್ ಮತ್ತು ಸಾಗಣೆ 8. ಹೊಲಿಗೆ ಕೆಟ್ಟು ಬಿಸಾಡಿದ್ದು, ಗಿರಾಕಿ ವಾಪಸು ಕಳಿಸಿದ್ದು ಸರಾಸರಿ 4. ಒಟ್ಟು 77. ಅಂದರೆ ಚೀಲಕ್ಕೆ 23 ಉಳಿಯುತ್ತದೆ. ಬಾಡಿಗೆ, ವಿದ್ಯುತ್, ಲೆಕ್ಕ ಬರೆಯುವವರ ಮತ್ತು ಮಾರಾಟದವರ ಸಂಬಳ, ಯಂತ್ರದ ಸವಕಳಿ ಇವೆಲ್ಲ ಚೀಲ ಹೊಲಿದರೂ ಬಿಟ್ಟರೂ ತಪ್ಪದ ಖರ್ಚು. ಅದು ತಿಂಗಳಿಗೆ 23,000 ಆದರೆ 1,000 ಚೀಲ ಹೋದಾಗ ವ್ಯಾಪಾರ ಸರಿದೂಗುತ್ತದೆ. ನೀವು 700 ಮಾರುತ್ತಿದ್ದರೆ ತಿಂಗಳಿಗೆ 6,900 ಕೈ ಕಚ್ಚುತ್ತಿದೆ.

ಈ ನಷ್ಟವನ್ನು ವ್ಯಾಪಾರದೊಳಗೇ ಸರಿಮಾಡಬೇಕು, ಅದಕ್ಕೆ ಯಾರ ಮುಂದೆಯೂ ಕೈಯೊಡ್ಡಬಾರದು. ಬೆಲೆಯನ್ನು 105ಕ್ಕೆ ಏರಿಸಿದರೆ ಚೀಲಕ್ಕೆ 28 ಉಳಿದು, ಸರಿದೂಗುವ ಸಂಖ್ಯೆ 1,000ದಿಂದ 822ಕ್ಕೆ ಇಳಿಯುತ್ತದೆ. ಇನ್ನೂ 178 ಚೀಲಕ್ಕೆ ಗಿರಾಕಿ ಹುಡುಕುವುದಕ್ಕಿಂತ ಐದು ಹೆಚ್ಚು ಕೇಳುವುದು ಸುಲಭ. ಆದರೂ ಸಾಮಾಜಿಕ ಉದ್ಯಮದವರು ಬೆಲೆ ಏರಿಸಲು ಯಾಕೋ ನಾಚಿಕೊಳ್ಳುತ್ತಾರೆ. ಜತೆಗೆ ಪ್ರತಿ ವಿನ್ಯಾಸಕ್ಕೂ ಇದೇ ಲೆಕ್ಕ ಹಾಕಿ. ಇಪ್ಪತ್ತು ಬಗೆಯ ಚೀಲ ಇದ್ದರೆ ಅದರಲ್ಲಿ ನಾಲ್ಕೈದು, ಹೊಲಿದಷ್ಟೂ ನಷ್ಟ ತರುವಂಥವು ಇದ್ದೇ ಇರುತ್ತವೆ. ಸಾಮಾನ್ಯವಾಗಿ ಮಂಡಳಿಯವರಿಗೆ ಅಚ್ಚುಮೆಚ್ಚಾದ ಕಸೂತಿ ಚೀಲಗಳೇ ಅವು.

ಇನ್ನು ಕಲಿಸುವ ಲೆಕ್ಕ. ನುರಿತವರು ದಿನಕ್ಕೆ 10 ಚೀಲ ಹೊಲಿದರೆ ಅವರ ದಿನಗೂಲಿ 270. ಕಲಿಯುವವರು 6 ಹೊಲಿಯುತ್ತಾರೆ, ಆದರೆ ನೀವು ಕೊಡುವುದು (ಕೊಡಬೇಕಾದದ್ದೂ) ಪೂರ್ತಿ 270. ಆರು ಚೀಲದ ಕೂಲಿ 162. ಉಳಿದ 108 ಚೀಲದ ಖರ್ಚಲ್ಲ, ಕಲಿಕೆಯ ಖರ್ಚು. 12 ಮಂದಿ, 25 ದಿನ ಎಂದರೆ ತಿಂಗಳಿಗೆ 32,400. ಇದಕ್ಕೆ ತರಬೇತುದಾರರ ಸಂಬಳ, ಸಂಜ್ಞಾ ಭಾಷೆಯವರ ಗೌರವಧನ, ಓಡಾಟದ ವಾಹನ ಸೇರಿಸಿ. ಒಟ್ಟು ಎಷ್ಟಾಯಿತೋ ಅದನ್ನು ಲೆಕ್ಕಪುಸ್ತಕದಲ್ಲಿ ‘ಕಲಿಕಾ ವೆಚ್ಚ’ ಎಂದು ಬೇರೆ ಪುಟದಲ್ಲೇ ಬರೆಯಿರಿ.

ಇದನ್ನೂ ಚೀಲದ ಮೇಲೆಯೇ ಹೇರಿದರೆ ಏನಾಗುತ್ತದೆ? ಯಾರೂ ಗೊತ್ತುವಳಿ ಮಾಡದೆ, ಯಾರೂ ಬಾಯಿಬಿಟ್ಟು ಹೇಳದೆ, ಬೇಗ ಕೈ ಕುದುರುವವರನ್ನಷ್ಟೇ ಸೇರಿಸಿಕೊಳ್ಳುವುದು ಶುರುವಾಗುತ್ತದೆ. ತೀವ್ರ ಅಂಗವೈಕಲ್ಯ ಇರುವವರಿಗೆ ‘ಮುಂದಿನ ತಂಡದಲ್ಲಿ ನೋಡೋಣ’ ಎಂಬ ಉತ್ತರ ಸಿಗುತ್ತದೆ. ಎರಡು ವರ್ಷದಲ್ಲಿ ಘಟಕ ಲಾಭಕ್ಕೆ ಬರುತ್ತದೆ. ಯಾರಿಗಾಗಿ ಶುರುಮಾಡಿದ್ದರೋ ಅವರು ಅಲ್ಲಿರುವುದಿಲ್ಲ.

ಆದ್ದರಿಂದ ಮಂಡಳಿಯ ಮುಂದೆ ಒಂದು ಗುರಿಯ ಬದಲು ಎರಡು ಇಡಿ. ವ್ಯಾಪಾರ 12 ತಿಂಗಳಲ್ಲಿ ನೂರಕ್ಕೆ ನೂರು ತನ್ನ ಖರ್ಚು ತಾನೇ ದುಡಿಯಬೇಕು. ಕಲಿಕಾ ವೆಚ್ಚಕ್ಕೆ ಎರಡು ಮೂರು ಕಡೆಯಿಂದ ಹಣ ಬರಬೇಕು, ಯಾವೊಬ್ಬರ ಪಾಲೂ ಅರ್ಧ ಮೀರಬಾರದು. ಸರ್ಕಾರದ ತರಬೇತಿ ಒಪ್ಪಂದ, ಕೂಲಿ ಸಹಾಯಧನ, ಕಲಿತವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಾರ್ಖಾನೆಗಳಿಂದ ಶುಲ್ಕ, ಕೊನೆಗೆ ದಾನಿಗಳು. ಇದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಇಟಲಿಯ 1991ರ ಕಾನೂನು ಇದನ್ನು ನೇರವಾಗಿಯೇ ಒಪ್ಪಿಕೊಂಡಿದೆ. ಅಲ್ಲಿ ‘ಬಿ’ ಬಗೆಯ ಸಾಮಾಜಿಕ ಸಹಕಾರ ಸಂಘದಲ್ಲಿ ಕನಿಷ್ಠ 30% ಕೆಲಸಗಾರರು ಅವಕಾಶವಂಚಿತ ಗುಂಪಿನವರಾಗಿರಬೇಕು, ಅವರ ಪಾಲಿಗೆ ಸಂಘ ಕಟ್ಟಬೇಕಾದ ಸಾಮಾಜಿಕ ಭದ್ರತಾ ವಂತಿಗೆಗೆ ವಿನಾಯಿತಿ ಇದೆ. ಕಲಿಸುವುದಕ್ಕೆ ಖರ್ಚಿದೆ, ಅದನ್ನು ಮಾರುಕಟ್ಟೆ ಕೊಡುವುದಿಲ್ಲ ಎಂದು ಕಾನೂನೇ ಬರೆದುಕೊಂಡಂತಾಯಿತು.

ಹದಿನೆಂಟು ತಿಂಗಳ ಹಂಚಿಕೆ: ಮೊದಲ ಎರಡು ತಿಂಗಳು ಲೆಕ್ಕ ಬಿಡಿಸಲು. ಮುಂದಿನ ಮೂರು ತಿಂಗಳು ಬೆಲೆ ಏರಿಸಲು, ನಷ್ಟದ ವಿನ್ಯಾಸಗಳಿಗೆ ಕತ್ತರಿ ಹಾಕಲು. ಆರನೇ ತಿಂಗಳಿಗೆ ಕಲಿಕಾ ವೆಚ್ಚದ ಮಾತುಕತೆ ಶುರುವಾಗಿರಲೇಬೇಕು. ಸರ್ಕಾರಿ ಹಣ ಒಂದು ಬಜೆಟ್ ಸುತ್ತು ಮುಗಿಯದೆ ಕೈಗೆ ಬರುವುದಿಲ್ಲ. ಹದಿನೈದನೇ ತಿಂಗಳಲ್ಲಿ ಬಾಗಿಲು ತಟ್ಟಿದವರಿಗೆ ಸಿಗುವುದು ಸಹಾನುಭೂತಿ ಮಾತ್ರ.

ಪ್ರಶ್ನೆ: ವರ್ಷದ ಲೆಕ್ಕದಲ್ಲಿ ಲಾಭ ತೋರಿಸುತ್ತದೆ. ಆದರೆ ತಿಂಗಳ ಕೊನೆ ಬಂದರೆ ಸಂಬಳಕ್ಕೆ ಪರದಾಟ. ಲೆಕ್ಕಿಗರು ಮೋಸ ಮಾಡುತ್ತಿದ್ದಾರೆಯೇ?

ಬಹುಶಃ ಇಲ್ಲ. ಬಿಲ್ ಬರೆದ ದಿನವೇ ಲಾಭ ದಾಖಲಾಗುತ್ತದೆ, ಹಣ ಬರುವುದು ಎರಡೂವರೆ ತಿಂಗಳ ಮೇಲೆ. ಸಾಮಾಜಿಕ ಉದ್ಯಮಗಳು ಮುಚ್ಚುವುದಕ್ಕೆ ಮುಂಚಿನ ವರ್ಷದಲ್ಲೂ ಎಷ್ಟೋ ಸಲ ಲಾಭದಲ್ಲೇ ಇರುತ್ತವೆ.

ಸಿಕ್ಕಿಕೊಂಡ ಹಣ ಎಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ದಿನಕ್ಕೆ ನೀವು ಕೈಯಿಂದ ಹಾಕುವ ಖರ್ಚು 8,000 ಎನ್ನಿ. ಗಿರಾಕಿ 75 ದಿನಕ್ಕೆ ಹಣ ಕೊಡುತ್ತಾರೆ, ಕಚ್ಚಾ ಮಾಲಿನವರಿಗೆ ಮತ್ತು ಕೆಲಸದವರಿಗೆ ನೀವು ಸರಾಸರಿ 15 ದಿನಕ್ಕೆ ಕೊಡುತ್ತೀರಿ. ನಡುವಿನ 60 ದಿನ × 8,000 = 4,80,000. ಇಷ್ಟು ಹಣ ಯಾವಾಗಲೂ ಹೊರಗೇ ಇರುತ್ತದೆ. ಮಾರಾಟ ದುಪ್ಪಟ್ಟಾದರೆ ಇದೂ ದುಪ್ಪಟ್ಟು. ‘ದೊಡ್ಡ ಆರ್ಡರ್ ಬಂತು’ ಎಂದು ಸಂಭ್ರಮಿಸಿದ ಮೂರೇ ತಿಂಗಳಿಗೆ ಸಂಬಳ ನಿಲ್ಲುವುದು ಈ ಕಾರಣಕ್ಕೆ.

13 ವಾರಗಳ ನಗದು ಹಾಳೆ ಇಡಿ. ಹದಿಮೂರು ಕಂಬಸಾಲು, ವಾರಕ್ಕೊಂದು. ಮೇಲೆ ಬ್ಯಾಂಕಿನಲ್ಲಿರುವ ಶಿಲ್ಕು, ಕೆಳಗೆ ಬರುವ ಹಣ, ಅದರ ಕೆಳಗೆ ಹೋಗುವ ಹಣ, ಕೊನೆಯಲ್ಲಿ ವಾರಾಂತ್ಯದ ಶಿಲ್ಕು. ತಪ್ಪಾಗುವುದು ‘ಬರುವ ಹಣ’ದ ಸಾಲಿನಲ್ಲಿ. ಬಿಲ್ಲಿನಲ್ಲಿ ನಮೂದಿಸಿದ ತಾರೀಖಿಗೆ ಹಣ ಬರುತ್ತದೆ ಎಂದು ಬರೆಯಬೇಡಿ. ಆ ಗಿರಾಕಿ ಕಳೆದ ಮೂರು ಬಿಲ್ಲಿಗೆ ನಿಜವಾಗಿ ಎಷ್ಟು ದಿನ ತೆಗೆದುಕೊಂಡರೋ ಅಷ್ಟನ್ನು ಬರೆಯಿರಿ. ಅನುದಾನದ ಕಂತನ್ನು ವರದಿ ಕಳಿಸಿದ ವಾರಕ್ಕೆ ಹಾಕಬೇಡಿ, ವರದಿ ಒಪ್ಪಿಗೆಯಾಗಿ ಒಂದು ತಿಂಗಳ ನಂತರಕ್ಕೆ ಹಾಕಿ. ಪ್ರತಿ ವಾರ ಹಿಂದಿನ ವಾರದ ಅಂದಾಜಿನ ಪಕ್ಕದಲ್ಲಿ ನಿಜವಾದ ಅಂಕಿ ಬರೆಯುತ್ತ ಹೋದರೆ ಎರಡು ತಿಂಗಳಲ್ಲಿ ನಿಮ್ಮ ಆಶಾವಾದದ ಅಳತೆ ನಿಮಗೇ ಸಿಗುತ್ತದೆ. ಒಂಬತ್ತನೇ ವಾರ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುವುದು ಇವತ್ತೇ ಕಂಡರೆ ಎಂಟು ವಾರ ಸಮಯವಿದೆ. ಆ ವಾರವೇ ಕಂಡರೆ ಕೈಸಾಲವೊಂದೇ ದಾರಿ.

ಸಗಟು ಆರ್ಡರಿಗೆ 40% ಮುಂಗಡ ಕೇಳಿ. ಕನಿಷ್ಠ ಕಚ್ಚಾ ಮಾಲಿನ ಬೆಲೆಯಾದರೂ ಬರಲಿ. ಮಾಲು ಹೊರಟ ದಿನವೇ ಬಿಲ್ ಹೋಗಲಿ, ತಿಂಗಳ ಕೊನೆಗೆ ಕಾಯಬೇಡಿ. ದೊಡ್ಡ ಸಂಸ್ಥೆಗಳಲ್ಲಿ ಬಿಲ್ ಬಾಕಿ ಉಳಿಯಲು ದುರುದ್ದೇಶಕ್ಕಿಂತ ಹೆಚ್ಚಾಗಿ ಖರೀದಿ ಆದೇಶದ ಸಂಖ್ಯೆ ಬಿಟ್ಟುಹೋದದ್ದೋ, ತೆರಿಗೆ ಸಂಖ್ಯೆ ತಪ್ಪಿದ್ದೋ ಕಾರಣ. ಗಡುವಿಗೆ ಏಳು ದಿನ ಮುಂಚೆ ‘ಬಿಲ್ ಸರಿ ಇದೆಯೇ’ ಎಂದು ವಿಚಾರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉದ್ರಿಯ ಪಾಠ ಹಳೆಯದು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ 28 ಮಂದಿ ಸೇರಿ ಸಹಕಾರಿ ಅಂಗಡಿ ತೆರೆದಾಗ ಇಟ್ಟುಕೊಂಡ ಕಟ್ಟಳೆಗಳಲ್ಲಿ ನಗದು ವ್ಯಾಪಾರವೂ ಒಂದು. ಅದೇ ಊರಿನಲ್ಲಿ ಅದಕ್ಕೂ ಮುಂಚೆ ತೆರೆದಿದ್ದ ಸಹಕಾರಿ ಅಂಗಡಿ ಉದ್ರಿಯ ಹೊರೆಯಲ್ಲಿ ಮುಚ್ಚಿಹೋಗಿತ್ತು.

ಒಂದು ಎಚ್ಚರಿಕೆ. ನಿರ್ದಿಷ್ಟ ಯೋಜನೆಗೆಂದು ಬಂದ ಅನುದಾನವನ್ನು ‘ಸದ್ಯಕ್ಕೆ’ ಸಂಬಳಕ್ಕೆ ತಿರುಗಿಸಬೇಡಿ, ಅದನ್ನು ಬೇರೆ ಖಾತೆಯಲ್ಲೇ ಇಡಿ. ವಾಪಸು ತುಂಬುವ ತಿಂಗಳು ಬರುವುದೇ ಇಲ್ಲ. ಲೆಕ್ಕಪರಿಶೋಧಕರು ಮಾತ್ರ ತಪ್ಪದೆ ಬರುತ್ತಾರೆ.

ಪ್ರಶ್ನೆ: ಮೀಸಲು ನಿಧಿ ಎಷ್ಟಿರಬೇಕು? ಹಣ ಕೂಡಿಟ್ಟರೆ ದಾನಿಗಳು ‘ನಿಮ್ಮಲ್ಲೇ ಇದೆಯಲ್ಲ’ ಎನ್ನುತ್ತಾರೆ.

ತಪ್ಪದ ಖರ್ಚಿನ ಮೂರು ತಿಂಗಳಷ್ಟು ಕನಿಷ್ಠ. ಆದಾಯ ಒಂದೆರಡು ಗಿರಾಕಿಗಳ ಮೇಲೇ ನಿಂತಿದ್ದರೆ ಆರು ತಿಂಗಳಷ್ಟು. ಒಮ್ಮೆಗೇ ಆಗದು. ಬಂದ ಪ್ರತಿ ಮೊತ್ತದಿಂದ 5% ಅದೇ ದಿನ ಬೇರೆ ಖಾತೆಗೆ ಹೋಗಲಿ, ಉಳಿದರೆ ಹಾಕೋಣ ಎಂದರೆ ಉಳಿಯುವುದಿಲ್ಲ. ದಾನಿಗಳ ಬಾಯಿಗೆ ಉತ್ತರ ಒಂದು ಪುಟದ ಗೊತ್ತುವಳಿ: ಎಷ್ಟು ತಿಂಗಳಿನದು, ಯಾಕೆ ಅಷ್ಟು, ಯಾರ ಸಹಿಯಿಂದ ತೆಗೆಯಬಹುದು, ತೆಗೆದರೆ ಎಷ್ಟು ದಿನದಲ್ಲಿ ತುಂಬಬೇಕು. ಕಾರಣ ಬರೆದಿಟ್ಟ ಹಣವನ್ನು ದಾನಿಗಳು ಶಿಸ್ತು ಎಂದು ಓದುತ್ತಾರೆ, ಕಾರಣವಿಲ್ಲದೆ ಕೂತ ಹಣವನ್ನು ಹೆಚ್ಚುವರಿ ಎಂದು.

ಪ್ರಶ್ನೆ: ದಾನಿಯೊಬ್ಬರು ಕೊಟ್ಟ ಆರ್‌ಒ ಯಂತ್ರದಿಂದ ಕುಡಿಯುವ ನೀರು ಒದಗಿಸುತ್ತೇವೆ. ಯಂತ್ರಕ್ಕೆ ನಾವು ಕಾಸು ಹಾಕಿಲ್ಲವಾದ್ದರಿಂದ ವಿದ್ಯುತ್ ಮತ್ತು ಆಪರೇಟರ್ ಸಂಬಳ ಹುಟ್ಟುವಷ್ಟೇ ದರ ಇಟ್ಟಿದ್ದೇವೆ. ಸಾಕೇ?

ಸಾಲದು. ಯಂತ್ರ ಪುಕ್ಕಟೆ ಬಂತು ನಿಜ, ಎರಡನೇ ಯಂತ್ರ ಪುಕ್ಕಟೆ ಬರುವುದಿಲ್ಲ. ಭಾಗಗಳೂ ಒಟ್ಟಿಗೆ ಸವೆಯುವುದಿಲ್ಲವಾದ್ದರಿಂದ ಒಂದೊಂದಕ್ಕೂ ಬೇರೆ ಲೆಕ್ಕ. ಇಡೀ ಯಂತ್ರದ ಇಂದಿನ ಬೆಲೆ 100 ಪಾಲು ಎನ್ನಿ. ಮೆಂಬ್ರೇನು (ಲವಣ ತಡೆದು ನೀರು ಸೋಸುವ ತೆಳು ಹಾಳೆ) 12 ಪಾಲು, ಮೂರು ವರ್ಷ ಬಾಳಿಕೆ: ತಿಂಗಳಿಗೆ 0.33. ಒತ್ತಡದ ಪಂಪು 15 ಪಾಲು, ಆರು ವರ್ಷ: 0.21. ತೊಟ್ಟಿ, ಕೊಳವೆ, ಚೌಕಟ್ಟು, ವಿದ್ಯುತ್ ಫಲಕ ಸೇರಿ 73 ಪಾಲು, ಹತ್ತು ವರ್ಷ: 0.61. ಕೂಡಿದರೆ ತಿಂಗಳಿಗೆ ಯಂತ್ರದ ಬೆಲೆಯ 1.15%. ಇದನ್ನು ತಿಂಗಳಿಗೆ ನಿಜವಾಗಿ ಮಾರಿದ ಲೀಟರುಗಳಿಂದ ಭಾಗಿಸಿ ದರಕ್ಕೆ ಸೇರಿಸಿ. ಯಂತ್ರದ ಸಾಮರ್ಥ್ಯದಿಂದ ಭಾಗಿಸಿದರೆ ದರ ಚೆನ್ನಾಗಿ ಕಾಣುತ್ತದೆ, ನಿಧಿ ತುಂಬುವುದಿಲ್ಲ.

ದರ ಬಿಗಿಯಾದಾಗ ಏನು ಕೆಡುತ್ತದೆ ಎಂಬುದನ್ನೂ ನೋಡಿ. ಆಪರೇಟರ್ ಮೊದಲು ಉಳಿಸುವುದು ಲವಣ ಗಟ್ಟದಂತೆ ಹಾಕುವ ರಾಸಾಯನಿಕವನ್ನು, ಆಮೇಲೆ ಕಸ ಸೋಸುವ ಕಾರ್ಟ್ರಿಜ್ಜನ್ನು. ಎರಡು ವಾರ ಏನೂ ಆಗುವುದಿಲ್ಲ. ಮೂರನೇ ತಿಂಗಳಿಗೆ ಮೆಂಬ್ರೇನಿನ ಮೇಲೆ ಸುಣ್ಣದ ಪೊರೆ ಕಟ್ಟಿ ಹರಿವು ಕುಗ್ಗುತ್ತದೆ, ಕುಗ್ಗಿದ ಹರಿವನ್ನು ಸರಿದೂಗಿಸಲು ಒತ್ತಡ ಏರಿಸುತ್ತಾರೆ, ಪಂಪು ಬಿಸಿಯಾಗುತ್ತದೆ. ಮೂರು ವರ್ಷ ಬರಬೇಕಾದ ಮೆಂಬ್ರೇನು ಒಂದು ವರ್ಷಕ್ಕೆ ಹೋಗುತ್ತದೆ. ಆದ್ದರಿಂದ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿದಿನ ಒಂದೇ ಹೊತ್ತಿಗೆ ಶುದ್ಧ ನೀರಿನ ಹರಿವು, ಒಳ ಹೊರ ಒತ್ತಡ, ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಬರೆಸಿ. ಹರಿವು ಮೊದಲಿಗಿಂತ 10% ಇಳಿದರೆ, ಅಥವಾ ಮೆಂಬ್ರೇನಿನ ಎರಡು ತುದಿಯ ಒತ್ತಡದ ವ್ಯತ್ಯಾಸ 15% ಏರಿದರೆ ರಾಸಾಯನಿಕ ತೊಳೆತಕ್ಕೆ ಹೊತ್ತಾಯಿತು ಎಂದು ಅರ್ಥ. ಆಮೇಲೆ ತೊಳೆದರೂ ಪೊರೆ ಪೂರ್ತಿ ಬಿಡುವುದಿಲ್ಲ.

ದುರಸ್ತಿಯ ದುಡ್ಡು ಯಾರ ಕೈಯಿಂದ ಎಂಬುದನ್ನು ಊಹೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ಪ್ಲೇಪಂಪ್ ಎಲ್ಲರಿಗೂ ಗೊತ್ತಿರುವ ನಿದರ್ಶನ. ಮಕ್ಕಳು ಗಿರಗಿಟ್ಟಲೆ ಆಡಿದರೆ ನೀರು ಮೇಲೇರುವ ಪಂಪು ಅದು. 2006ರಲ್ಲಿ ಅದಕ್ಕೆ ದೊಡ್ಡ ಮೊತ್ತದ ನೆರವು ಘೋಷಣೆಯಾಯಿತು. ತೊಟ್ಟಿಯ ಮೇಲಿನ ಜಾಹೀರಾತು ಫಲಕದ ಬಾಡಿಗೆಯಿಂದ ದುರಸ್ತಿ ನಡೆಯುತ್ತದೆ ಎಂಬುದು ಯೋಜನೆ. ಕೊಳ್ಳುವವರೇ ಕಡಿಮೆಯಿರುವ ಹಳ್ಳಿಗೆ ಜಾಹೀರಾತು ಯಾರು ಕೊಡುತ್ತಾರೆ? ಎಷ್ಟೋ ಕಡೆ ಫಲಕ ಖಾಲಿ ಉಳಿಯಿತು, ಕೆಟ್ಟ ಪಂಪು ಕೆಟ್ಟೇ ಉಳಿಯಿತು.

ಪ್ರಶ್ನೆ: ಅರವಿಂದ ಕಣ್ಣಿನ ಆಸ್ಪತ್ರೆಯ ಹಾಗೆ, ಇದ್ದವರಿಂದ ತೆಗೆದುಕೊಂಡು ಇಲ್ಲದವರಿಗೆ ಉಚಿತವಾಗಿ ಸೇವೆ ಕೊಡುವ ಪದ್ಧತಿ ನಮ್ಮ ಫಿಸಿಯೊಥೆರಪಿ ಕೇಂದ್ರಕ್ಕೂ ಹೊಂದುತ್ತದೆಯೇ?

ಅರವಿಂದದ ಉಚಿತ ಚಿಕಿತ್ಸೆಯನ್ನು ಎಲ್ಲರೂ ನೋಡುತ್ತಾರೆ, ಅದರ ಹಿಂದಿನ ಕಾರ್ಖಾನೆಯಂಥ ಶಿಸ್ತನ್ನು ನೋಡುವವರು ಕಡಿಮೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಮದುರೈನಲ್ಲಿ 11 ಹಾಸಿಗೆಯಿಂದ ಶುರುಮಾಡಿದ ಆಸ್ಪತ್ರೆ ಅದು. ಒಬ್ಬ ಶಸ್ತ್ರವೈದ್ಯರಿಗೆ ಅಲ್ಲಿ ಎರಡು ಮೇಜು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ತರಬೇತಾದ ಸಹಾಯಕಿಯರು ಸಿದ್ಧ ಮಾಡಿರುತ್ತಾರೆ. ವೈದ್ಯರೇ ಮಾಡಬೇಕಾದದ್ದನ್ನು ಬಿಟ್ಟು ಬೇರೆಲ್ಲ ಕೆಲಸ ಸಹಾಯಕಿಯರದ್ದು. ಕಣ್ಣಿನೊಳಗೆ ಕೂರಿಸುವ ಆಮದು ಮಸೂರ ದುಬಾರಿಯೆಂದು 1992ರಲ್ಲಿ ಅರೋಲ್ಯಾಬ್ ಸ್ಥಾಪಿಸಿ ಮಸೂರವನ್ನು ತಾವೇ ತಯಾರಿಸಿದರು. ಹೀಗೆ ಇನ್ನೊಬ್ಬ ರೋಗಿ ಬಂದರೆ ಹೆಚ್ಚುವ ಖರ್ಚನ್ನು ತೀರಾ ಕೆಳಕ್ಕೆ ಇಳಿಸಿದ್ದರಿಂದಲೇ ಉಚಿತ ಚಿಕಿತ್ಸೆ ಕೈಗೆಟುಕಿತು.

ಈಗ ನಿಮ್ಮ ಕೇಂದ್ರ. ಫಿಸಿಯೊಥೆರಪಿಯಲ್ಲಿ ಒಬ್ಬರಿಗೆ 45 ನಿಮಿಷ ಎಂದರೆ ಅದು ಚಿಕಿತ್ಸಕರ 45 ನಿಮಿಷವೇ. ನೂರು ಮಂದಿ ಬಂದರೂ ತಲೆಯ ಮೇಲಿನ ಖರ್ಚು ಹೆಚ್ಚೇನೂ ಇಳಿಯದು. ಹಣ ಕೊಡುವವರೊಬ್ಬರಿಂದ 30 ಉಳಿದು, ಉಚಿತದವರೊಬ್ಬರಿಗೆ 60 ಖರ್ಚಾದರೆ ಒಬ್ಬ ಉಚಿತದವರಿಗೆ ಇಬ್ಬರು ಕೊಡುವವರು ಬೇಕು, ಅದೂ ಬಾಡಿಗೆ ಮುಂತಾದ ತಪ್ಪದ ಖರ್ಚು ಕಳೆದ ಮೇಲೆ. ಅನುಪಾತವನ್ನು ವಾರಕ್ಕೊಮ್ಮೆ ನೋಡಿ. ತಿಂಗಳಿಗೊಮ್ಮೆ ನೋಡಿದರೆ ತಡವಾಗುತ್ತದೆ. ಸಮಯವನ್ನು ಒಡೆಯಬಹುದೇ ಯೋಚಿಸಿ: ಮೊದಲ ಪರೀಕ್ಷೆ ಮತ್ತು ಕೈಚಿಕಿತ್ಸೆ ತಜ್ಞರಿಂದ, ವ್ಯಾಯಾಮದ ಭಾಗ ತರಬೇತಾದ ಸಹಾಯಕರಿಂದ ಏಕಕಾಲಕ್ಕೆ ನಾಲ್ಕೈದು ಮಂದಿಗೆ. ಆಗ ಉಚಿತದವರ 60 ಇಳಿಯತೊಡಗುತ್ತದೆ.

ಎರಡು ವಿಷಯ ಮಾತ್ರ ಅಲ್ಲಿಂದ ಹಾಗೇ ತನ್ನಿ. ಚಿಕಿತ್ಸೆಯ ಗುಣಮಟ್ಟ ಇಬ್ಬರಿಗೂ ಒಂದೇ ಇರಲಿ, ವ್ಯತ್ಯಾಸ ಇರುವುದಾದರೆ ಕೋಣೆ, ಕಾಯುವ ಸಮಯದಂಥ ಸೌಕರ್ಯದಲ್ಲಿ ಇರಲಿ. ಯಾರು ಯಾವ ಸಾಲಿಗೆ ಎಂಬುದನ್ನು ರೋಗಿಗಳೇ ಆರಿಸಲಿ. ಆದಾಯದ ದಾಖಲೆ ಕೇಳಿ ಪರಿಶೀಲಿಸಲು ಇಡುವ ಗುಮಾಸ್ತರ ಸಂಬಳ, ತಪ್ಪಿಸಿಕೊಳ್ಳುವವರಿಂದ ಆಗುವ ನಷ್ಟಕ್ಕಿಂತ ಹೆಚ್ಚಾಗುವುದೇ ಹೆಚ್ಚು. ಅವಮಾನ ಬೇರೆ.

ಪ್ರಶ್ನೆ: ಹೂಡಿಕೆದಾರರೊಬ್ಬರು ಮುಂದೆ ಬಂದಿದ್ದಾರೆ. ತೆಗೆದುಕೊಂಡರೆ ಉದ್ದೇಶ ಹಳಿ ತಪ್ಪುತ್ತದೆ ಎಂದು ಕೆಲವರು, ಬಿಟ್ಟರೆ ಬೆಳೆಯುವುದಿಲ್ಲ ಎಂದು ಕೆಲವರು.

ಅವರ ಒಳ್ಳೆಯತನದ ಬಗ್ಗೆ ಚರ್ಚಿಸಬೇಡಿ, ಅವರ ಲೆಕ್ಕ ಕೇಳಿ. ಎಷ್ಟು ವರ್ಷಕ್ಕೆ, ಎಷ್ಟು ಪಟ್ಟು, ಯಾರಿಗೆ ಮಾರಿ ಹೊರಹೋಗುತ್ತಾರೆ? ಐದು ವರ್ಷಕ್ಕೆ ಮೂರು ಪಟ್ಟು ಎಂದರೆ ವರ್ಷಕ್ಕೆ ಸುಮಾರು 25% ಬೆಳವಣಿಗೆ. ನಿಮ್ಮ ಉದ್ಯಮ ಕಳೆದ ಮೂರು ವರ್ಷ 10% ಬೆಳೆದಿದ್ದರೆ ನಡುವಿನ ಅಂತರ ಎಲ್ಲಿಂದ ಬರಬೇಕು? ಬೆಲೆ ಏರಿಕೆಯಿಂದ, ಕೂಲಿ ಕಡಿತದಿಂದ, ಇಲ್ಲವೇ ಕಷ್ಟದ ಫಲಾನುಭವಿಗಳನ್ನು ಬಿಡುವುದರಿಂದ. ಕೆಟ್ಟ ಮನಸ್ಸು ಯಾರಿಗೂ ಇರಬೇಕಿಲ್ಲ, ಗಣಿತವೇ ಎಳೆದೊಯ್ಯುತ್ತದೆ. ಮೆಕ್ಸಿಕೋದಲ್ಲಿ ಸ್ವಯಂಸೇವಾ ಸಂಸ್ಥೆಯಾಗಿ ಹುಟ್ಟಿದ ಕಿರುಸಾಲ ಸಂಸ್ಥೆ ಕಾಂಪಾರ್ತಾಮೋಸ್ 2007ರಲ್ಲಿ ಷೇರು ಮಾರುಕಟ್ಟೆಗೆ ಹೋದಾಗ, ಬಡವರಿಂದ ಪಡೆದ ಭಾರೀ ಬಡ್ಡಿಯ ಮೇಲೆ ಹೂಡಿಕೆದಾರರ ಲಾಭ ನಿಂತಿದೆ ಎಂದು ಬಾಂಗ್ಲಾದೇಶದಲ್ಲಿ ಕಿರುಸಾಲದ ಗ್ರಾಮೀಣ ಬ್ಯಾಂಕ್ ಸ್ಥಾಪಿಸಿದ ಮುಹಮ್ಮದ್ ಯೂನುಸ್ ಅವರೇ ಬಹಿರಂಗವಾಗಿ ಟೀಕಿಸಿದ್ದರು.

ಯಾವ ಹಣ ಯಾವ ಕೆಲಸಕ್ಕೆ ಎಂಬುದು ಇನ್ನೂ ಮುಖ್ಯ. ಫಲಿಸುತ್ತದೋ ಇಲ್ಲವೋ ಗೊತ್ತಿಲ್ಲದ ಪ್ರಯೋಗಕ್ಕೆ ಅನುದಾನ. ಬಾಕಿ ಬಿಲ್ಲಿನ ಅಂತರ ತುಂಬಲು ಸಾಲ. ಲಾಭದ ದಾರಿ ಖಚಿತವಾದ ಮೇಲೆ ವಿಸ್ತರಣೆಗೆ ಪಾಲು ಬಂಡವಾಳ, ಅಂದರೆ ಒಡೆತನದಲ್ಲಿ ಪಾಲು ಕೊಟ್ಟು ತರುವ ಹಣ. ತಿಂಗಳ ನಷ್ಟ ತುಂಬಲು ಪಾಲು ಬಂಡವಾಳ ತಂದವರು ಎರಡನೇ ವರ್ಷ ಮತ್ತೆ ಅದೇ ಬಾಗಿಲಲ್ಲಿ, ಅರ್ಧ ಬೆಲೆಗೆ, ನಿಂತಿರುತ್ತಾರೆ. ನಡುದಾರಿಯೂ ಒಂದಿದೆ: ತಿಂಗಳ ಆದಾಯದ 5% ಕೊಡುತ್ತ ಪಡೆದದ್ದರ ಒಂದೂವರೆ ಪಟ್ಟು ತೀರಿದಾಗ ಮುಗಿಯುವ ಸಾಲ. ಆದಾಯ ಕುಗ್ಗಿದ ತಿಂಗಳು ಕಂತೂ ಕುಗ್ಗುತ್ತದೆ, ಒಡೆತನ ಕೈಬಿಡುವುದಿಲ್ಲ.

ಪಾಲು ಕೊಡುವುದೇ ಆದರೆ ಬೀಗ ಮೊದಲು ಹಾಕಿ, ಬಾಗಿಲು ಆಮೇಲೆ ತೆಗೆಯಿರಿ. ಬ್ರಿಟನ್ನಿನಲ್ಲಿ 2005ರಿಂದ ಇರುವ ಸಮುದಾಯ ಹಿತಾಸಕ್ತಿ ಕಂಪನಿಗಳಿಗೆ ಕಾನೂನೇ ಇಂಥ ಬೀಗ ಹಾಕಿದೆ. ಆಸ್ತಿಯನ್ನು ಸಮುದಾಯದ ಹಿತ ಬಿಟ್ಟು ಬೇರೆಡೆಗೆ ಸಾಗಿಸುವಂತಿಲ್ಲ, ಹಂಚಬಹುದಾದ ಲಾಭದಲ್ಲಿ ಡಿವಿಡೆಂಡ್ 35% ಮೀರುವಂತಿಲ್ಲ. ನೀವಿರುವಲ್ಲಿ ಅಂಥ ಕಾನೂನು ಇಲ್ಲದಿದ್ದರೆ ಷೇರುದಾರರ ಒಪ್ಪಂದದಲ್ಲೇ ಬರೆಸಿ: ಧ್ಯೇಯವಾಕ್ಯ, ಫಲಾನುಭವಿಗಳ ವ್ಯಾಖ್ಯೆ, ಮಾರಾಟ, ಈ ಮೂರನ್ನು ಬದಲಿಸಲು ಒಂದು ವಿಶೇಷ ಷೇರಿನ ಒಪ್ಪಿಗೆ ಬೇಕು, ಆ ಷೇರು ಒಂದು ಟ್ರಸ್ಟಿನ ಕೈಯಲ್ಲಿರುತ್ತದೆ. ಹಣ ಖಾತೆಗೆ ಬಂದ ಮೇಲೆ ಇದನ್ನು ಕೇಳಿದರೆ ನಗುತ್ತಾರೆ.

ಪ್ರಶ್ನೆ: ಪ್ರಭಾವ ಮಾಪನಕ್ಕೆ (ನಮ್ಮ ಕೆಲಸದಿಂದ ಜನರಿಗೆ ಏನು ಫಲವಾಯಿತು ಎಂದು ಅಳೆಯಲು) ಸಲಹಾ ಸಂಸ್ಥೆಯೊಂದು 64 ಸೂಚಕಗಳ ಪಟ್ಟಿ ಕೊಟ್ಟಿದೆ. ಬೇಕೇ?

ಮೂಗಿಗಿಂತ ಮೂಗುತಿ ಭಾರ. ಪ್ರತಿ ಸೂಚಕದ ಮುಂದೆ ‘ಈ ಅಂಕಿ ಇಳಿದರೆ ನಾವು ಏನು ಬದಲಿಸುತ್ತೇವೆ’ ಎಂದು ಬರೆಯಿರಿ. ಉತ್ತರ ಹೊಳೆಯದ್ದನ್ನೆಲ್ಲ ಹೊಡೆದುಹಾಕಿ. ಮೂರೋ ನಾಲ್ಕೋ ಉಳಿಯುತ್ತವೆ: ಯಾರನ್ನು ತಲುಪಿದೆವು, ಒಬ್ಬರಿಗೆ ಎಷ್ಟು ಖರ್ಚಾಯಿತು, ಒಂದು ವರ್ಷದ ನಂತರವೂ ಫಲ ಉಳಿದಿದೆಯೇ. ನಡುವೆ ಬಿಟ್ಟುಹೋದವರನ್ನು ಲೆಕ್ಕದಿಂದ ಕೈಬಿಡಬೇಡಿ. ನೂರರಲ್ಲಿ ನಲವತ್ತು ಮಂದಿ ಬಿಟ್ಟುಹೋಗಿ, ಉಳಿದವರಲ್ಲಿ ಶೇ. 90ಕ್ಕೆ ಕೆಲಸ ಸಿಕ್ಕಿತು ಎಂದರೆ ನಿಜವಾದ ಅಂಕಿ 54.

ಪ್ರಶ್ನೆ: ಸ್ಥಾಪಕರು ಹನ್ನೆರಡು ವರ್ಷದಿಂದ ಸಂಬಳ ಪಡೆಯದೆ ದುಡಿಯುತ್ತಿದ್ದಾರೆ. ಅವರ ನಂತರ ಹೇಗೆ?

ಅವರ ತ್ಯಾಗ ದೊಡ್ಡದು, ಆದರೆ ಅದು ನಿಮ್ಮ ಲೆಕ್ಕವನ್ನು ಹನ್ನೆರಡು ವರ್ಷದಿಂದ ಸುಳ್ಳಾಗಿಸಿದೆ. ಅದೇ ಕೆಲಸಕ್ಕೆ ಹೊರಗಿನವರನ್ನು ತಂದರೆ ಕೊಡಬೇಕಾದ ಸಂಬಳವನ್ನು ಈ ತಿಂಗಳಿಂದಲೇ ಖರ್ಚಿನಲ್ಲಿ ಬರೆಯಿರಿ, ಅವರು ಬೇಡವೆಂದರೆ ಅಷ್ಟೇ ಮೊತ್ತವನ್ನು ಅವರ ದೇಣಿಗೆ ಎಂದು ಎದುರು ಸಾಲಿನಲ್ಲಿ ತೋರಿಸಿ. ಆಗ ಮಂಡಳಿಗೆ ನಿಜವಾದ ಕೊರತೆ ಕಾಣುತ್ತದೆ. ಎರಡು ವರ್ಷದಲ್ಲಿ ವ್ಯಾಪಾರ ಆ ಸಂಬಳವನ್ನು ದುಡಿಯುವಂತಾಗಬೇಕು. ಆಗದಿದ್ದರೆ ಉತ್ತರಾಧಿಕಾರಿಯ ಹುಡುಕಾಟ ಬರೀ ಮಾತು.

ನಂತರ ಅವರನ್ನು ಎರಡು ವಾರ ರಜೆಗೆ ಕಳಿಸಿ, ಫೋನ್ ಮುಟ್ಟಬಾರದು ಎಂಬ ಷರತ್ತಿನೊಂದಿಗೆ. ಎಲ್ಲೆಲ್ಲಿ ಕೆಲಸ ನಿಂತಿತು ಎಂಬುದನ್ನು ಒಬ್ಬರು ಬರೆದಿಡಲಿ. ಬ್ಯಾಂಕಿನ ಸಹಿ, ದೊಡ್ಡ ಗಿರಾಕಿಗೆ ರಿಯಾಯಿತಿ ಕೊಡುವ ಅಧಿಕಾರ, ಕಚ್ಚಾ ಮಾಲಿನವರ ಜತೆಗಿನ ಬಾಯಿಮಾತಿನ ಒಪ್ಪಂದ, ಪಾಸ್‌ವರ್ಡುಗಳು: ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ. ಒಂದೊಂದನ್ನೂ ಕಾಗದಕ್ಕಿಳಿಸಿ, ಒಬ್ಬೊಬ್ಬರಿಗೆ ವಹಿಸಿ. ಆರು ತಿಂಗಳ ಮೇಲೆ ಮತ್ತೆ ರಜೆ, ಈ ಸಲ ನಾಲ್ಕು ವಾರ.

ಪ್ರಶ್ನೆ: ಮುಚ್ಚಬೇಕೋ ಮುಂದುವರಿಸಬೇಕೋ ಎಂದು ಯಾವಾಗ ತೀರ್ಮಾನಿಸಬೇಕು?

ಮುಚ್ಚಲಿಕ್ಕೂ ದುಡ್ಡು ಬೇಕು, ಆ ಮೊತ್ತವನ್ನು ಈಗಲೇ ಲೆಕ್ಕ ಹಾಕಿ. ಕೆಲಸಗಾರರಿಗೆ ಕಾನೂನಿನಂತೆ ಕೊಡಬೇಕಾದ ನೋಟಿಸ್ ಅವಧಿಯ ಸಂಬಳ ಮತ್ತು ಬಾಕಿ, ಕಚ್ಚಾ ಮಾಲಿನವರ ಬಾಕಿ, ಬಾಡಿಗೆ ಒಪ್ಪಂದದಲ್ಲಿ ಉಳಿದ ತಿಂಗಳು, ಗಿರಾಕಿಗಳಿಂದ ಪಡೆದ ಮುಂಗಡ, ಖರ್ಚಾಗದೆ ವಾಪಸು ಕೊಡಬೇಕಾದ ಅನುದಾನ, ಕೊನೆಯ ಲೆಕ್ಕಪರಿಶೋಧನೆಯ ಶುಲ್ಕ. ಬ್ಯಾಂಕಿನ ಶಿಲ್ಕು ಈ ಮೊತ್ತಕ್ಕಿಂತ ಎರಡು ತಿಂಗಳ ಖರ್ಚಿನಷ್ಟು ಮೇಲಿರುವಾಗಲೇ ಮಂಡಳಿ ಕೂತು ತೀರ್ಮಾನಿಸಬೇಕು. ಆ ಗೆರೆಯನ್ನು 13 ವಾರಗಳ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಎಳೆದಿಡಿ. ಗೆರೆ ದಾಟಿದ ಮೇಲೆ ಮುಚ್ಚಿದರೆ ಕೊನೆಯ ತಿಂಗಳ ಸಂಬಳ ಸಿಗದೆ ಹೋಗುವುದು ನೀವು ಯಾರಿಗಾಗಿ ಶುರುಮಾಡಿದಿರೋ ಅವರಿಗೇ.

ಮುಚ್ಚುವ ತೀರ್ಮಾನವಾದರೆ ಯಂತ್ರಗಳನ್ನು ಹರಾಜಿಗೆ ಹಾಕುವ ಮುಂಚೆ, ಅದೇ ಬಗೆಯ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಕಲಿಯುವವರ ಸಮೇತ ಒಪ್ಪಿಸಲಾಗುತ್ತದೆಯೇ ವಿಚಾರಿಸಿ. ಯಂತ್ರ ಅನುದಾನದಿಂದ ಬಂದದ್ದಾದರೆ ದಾನಿಯ ಲಿಖಿತ ಒಪ್ಪಿಗೆ ಬೇಕು. ಕಲಿತವರ ಪ್ರಮಾಣಪತ್ರ, ಕೆಲಸ ಮಾಡಿದ ಅವಧಿಯ ದೃಢೀಕರಣ ಕಚೇರಿ ಖಾಲಿ ಮಾಡುವ ಮೊದಲೇ ಅವರ ಕೈಸೇರಲಿ. ಲೆಟರ್‌ಹೆಡ್ಡಿನ ಮೇಲೆ ಸಹಿ ಹಾಕುವವರು ಆಮೇಲೆ ಯಾರೂ ಇರುವುದಿಲ್ಲ.